ಅರವತ್ತು ದಾಟಿದ ಮೇಲೆ ಮತ್ತೆ ಸೈಕಲ್: ಎಲ್ಲಿಂದ ಶುರು ಮಾಡಲಿ?

ಕುವೆಂಪುನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ನನಗೆ ಈಗ 63. ಮೈಸೂರಿನಲ್ಲಿದ್ದೇನೆ. ಬ್ಯಾಂಕ್ ಕೆಲಸದಿಂದ ನಿವೃತ್ತಿಯಾಗಿ ಮೂರು ವರ್ಷವಾಯಿತು.

ಹೈಸ್ಕೂಲಿನಿಂದ ಹಿಡಿದು ಕೆಲಸಕ್ಕೆ ಸೇರಿದ ಮೊದಲ ಕೆಲವು ವರ್ಷದ ತನಕ ಸೈಕಲ್ಲೇ ನನ್ನ ವಾಹನ. ಒಳಪೆಡಲ್ ಹೊಡೆದು ಕಲಿತವನು ನಾನು. ಬಾಡಿಗೆ ಸೈಕಲ್ ಅಂಗಡಿಯ ಕಾಲ ಅದು. ಡೈನಮೋ ಹಾಕಿಕೊಂಡು ರಾತ್ರಿ ನಂಜನಗೂಡಿನಿಂದ ಬಂದದ್ದೂ ಇದೆ. ಆಮೇಲೆ ಸ್ಕೂಟರ್ ಬಂತು, ಮದುವೆ, ವರ್ಗಾವಣೆ, ಮಕ್ಕಳ ಓದು. ಹೆಚ್ಚು ಕಡಿಮೆ ಮೂವತ್ತು ವರ್ಷ ಪೆಡಲ್ ಮುಟ್ಟಿಲ್ಲ.

ಈಗ ಬಿಪಿಗೆ ಮಾತ್ರೆ ಇದೆ. ಸಕ್ಕರೆ ಗಡಿಯಲ್ಲಿದೆ, ಅದಕ್ಕೆ ಇನ್ನೂ ಮಾತ್ರೆ ಕೊಟ್ಟಿಲ್ಲ. ಮೆಟ್ಟಿಲು ಇಳಿಯುವಾಗ ಬಲ ಮಂಡಿ ನೋಯುತ್ತದೆ. ವಾಕಿಂಗ್ ಹೋಗುತ್ತೇನೆ, ಬಿಟ್ಟಿಲ್ಲ, ಆದರೆ ಒಂದೇ ದಾರಿ, ಒಂದೇ ಮುಖಗಳು, ಮನಸ್ಸಿಗೆ ಹಿಡಿಸುತ್ತಿಲ್ಲ. ಹೋದ ತಿಂಗಳು ತಂಗಿ ಮನೆಯಲ್ಲಿ ಅವಳ ಮಗನ ಸೈಕಲ್ ಹತ್ತಿ ಬೀದಿಯ ಕೊನೆಯ ತನಕ ಹೋಗಿ ಬಂದೆ. ಹತ್ತುವಾಗ ಕಾಲು ನಡುಗಿತು, ಆದರೆ ನಾಲ್ಕು ಸುತ್ತು ತುಳಿದ ಮೇಲೆ ಎಲ್ಲಾ ಸರಿ ಹೋಯಿತು. ಅವತ್ತಿನಿಂದ ತಲೆಯಲ್ಲಿ ಇದೇ ಓಡುತ್ತಿದೆ.

ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ಮಗ ಟ್ರೆಡ್‌ಮಿಲ್ ತರಿಸಿಕೊಡುತ್ತೇನೆ ಅನ್ನುತ್ತಾನೆ. ಈ ಟ್ರಾಫಿಕ್‌ನಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಯಾರು ನೋಡಿಕೊಳ್ಳೋದು ಅನ್ನೋದು ಹೆಂಡತಿಯ ಮಾತು. ಅವರ ಭಯ ಸುಳ್ಳಲ್ಲ, ಅಲ್ವಾ? ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ಈ ವಯಸ್ಸಿನಲ್ಲಿ ಮತ್ತೆ ಶುರು ಮಾಡಿದವರು ಇದ್ದೀರಾ? ಯಾವ ಥರದ ಸೈಕಲ್ ಕೊಂಡಿರಿ? ಮಂಡಿ ನೋವಿಗೆ ಇದು ಒಳ್ಳೆಯದೋ ಕೆಟ್ಟದ್ದೋ? ದಿನಕ್ಕೆ ಎಷ್ಟು ಹೊತ್ತು ತುಳಿಯಬೇಕು? ಇನ್ನೊಂದು ಆಸೆಯೂ ಇದೆ, ಚಾಮುಂಡಿ ಬೆಟ್ಟ. ಕಾಲೇಜಿನಲ್ಲಿದ್ದಾಗ ಗೆಳೆಯರ ಜೊತೆ ಗೇರಿಲ್ಲದ ಸೈಕಲ್‌ನಲ್ಲಿ ಹತ್ತಿದ್ದೆ. ಇನ್ನೊಮ್ಮೆ ಆದೀತೇ?

ಜಯನಗರ ಸವಾರ

ಸರ್, ತಡವೇನೂ ಆಗಿಲ್ಲ. ನನಗೆ 69. ನಾನೂ ರಿಟೈರ್ ಆದ ಮೇಲೆಯೇ ವಾಪಸ್ ಶುರು ಮಾಡಿದವನು. ಬೆಂಗಳೂರಿನ ರಸ್ತೆಯಲ್ಲೇ ಓಡಿಸುತ್ತೇನೆ. ಬೆಳಿಗ್ಗೆ ಐದೂವರೆಗೆ ಹೊರಟು ಏಳರೊಳಗೆ ಮನೆ ಸೇರುತ್ತೇನೆ, ಆ ಹೊತ್ತಿನಲ್ಲಿ ಊರು ಬೇರೆಯೇ ಇರುತ್ತದೆ.

ಅಂಗಡಿಗೆ ಹೋದಾಗ ಬೆಲೆ, ಗೇರ್, ಬ್ರ್ಯಾಂಡ್ ಎಲ್ಲಾ ಆಮೇಲೆ ಕೇಳಿ. ಮೊದಲು ಹತ್ತಿ ಇಳಿದು ನೋಡಿ. ನಾನು ಕಂಡ ಹಾಗೆ ನಮ್ಮ ವಯಸ್ಸಿನವರು ಬೀಳುವುದು ಜೋರಾಗಿ ಓಡಿಸುವಾಗ ಅಲ್ಲ, ಹತ್ತುವಾಗ, ಇಳಿಯುವಾಗ, ಸಿಗ್ನಲ್‌ನಲ್ಲಿ ನಿಲ್ಲುವಾಗ. ಹಿಂದಿನಿಂದ ಕಾಲು ಬೀಸಿ ಹತ್ತುವ ಅಭ್ಯಾಸ ಮೈಯಲ್ಲಿ ಇರುತ್ತದೆ, ಆದರೆ ಸೊಂಟ ಆಗಿನಂತೆ ಬಗ್ಗುವುದಿಲ್ಲ, ಕಾಲು ಕ್ಯಾರಿಯರ್‌ಗೆ ತಾಗುತ್ತದೆ, ಅಲ್ಲಿಗೆ ಮುಗಿಯಿತು. ಮೇಲಿನ ಬಾರ್ ಇಳಿಜಾರಾಗಿ ಇರುವ ಅಥವಾ ಬಾರೇ ಇಲ್ಲದ ಫ್ರೇಮ್ ತೆಗೆದುಕೊಳ್ಳಿ. ಸೈಕಲ್ಲನ್ನು ಸ್ವಲ್ಪ ವಾಲಿಸಿ, ಎರಡೂ ಬ್ರೇಕ್ ಹಿಡಿದು, ಕಾಲು ದಾಟಿಸಿ ನಿಂತುಕೊಳ್ಳಿ. ಬಲ ಪೆಡಲ್ ಮೇಲೆ ತಂದಿಟ್ಟುಕೊಂಡು ಆಮೇಲೆ ಹೊರಡಿ. ಲೇಡೀಸ್ ಸೈಕಲ್ ಅಂತ ಯಾರಾದರೂ ಅಂದರೆ ಅನ್ನಲಿ.

ಸೀಟಿನ ಎತ್ತರದ ಬಗ್ಗೆ ಹೇಳಲೇಬೇಕು, ಏಕೆಂದರೆ ನಮ್ಮಲ್ಲಿ ಬಹಳ ಜನ ಸೀಟನ್ನು ತೀರಾ ತಗ್ಗಿಸಿ ಓಡಿಸುತ್ತಾರೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾದರೆ ಎತ್ತರ ಸರಿ ಇದೆ. ಓಡಿಸುವಾಗ ಪಾದದ ಮುಂಭಾಗದಿಂದ ತುಳಿಯುತ್ತೇವಲ್ಲ, ಆಗ ಮಂಡಿ ತಾನಾಗಿಯೇ ಸ್ವಲ್ಪ ಬಾಗಿರುತ್ತದೆ. ಇಷ್ಟು ಎತ್ತರ ಇಟ್ಟರೆ ಕೂತಲ್ಲಿಂದ ಬರೀ ಬೆರಳ ತುದಿ ನೆಲಕ್ಕೆ ಸಿಗುತ್ತದೆ, ಮೊದಮೊದಲು ಭಯ ಆಗುತ್ತದೆ. ಅದಕ್ಕೇ ಮೊದಲ ಕೆಲವು ವಾರ ಒಂದೆರಡು ಇಂಚು ತಗ್ಗಿಸಿಕೊಳ್ಳಿ, ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದು ರೂಢಿಯಾದ ಮೇಲೆ ಏರಿಸಿ.

ಬಲಗಡೆ ಹ್ಯಾಂಡಲ್‌ಗೆ ಒಂದು ಕನ್ನಡಿ ಹಾಕಿಸಿ. ಕುತ್ತಿಗೆ ಮೊದಲಿನಂತೆ ತಿರುಗುವುದಿಲ್ಲ, ತಿರುಗಿಸಿದರೆ ಹ್ಯಾಂಡಲ್ಲೂ ಜೊತೆಗೆ ತಿರುಗುತ್ತದೆ. ಹಿಂದೆ ಕೆಂಪು ದೀಪ, ಹಗಲಿನಲ್ಲೂ ಉರಿಯಲಿ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ, ಹಾಕಿಕೊಳ್ಳಿ. ಟೈರ್ ಸ್ವಲ್ಪ ದಪ್ಪ ಇರಲಿ. ಎಷ್ಟು ಗಾಳಿ ಬೇಕು ಅಂತ ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಕಡಿಮೆ ಇದ್ದರೆ ಎಷ್ಟು ತುಳಿದರೂ ಮುಂದೆ ಹೋಗುವುದಿಲ್ಲ, ಜಾಸ್ತಿಯಾದರೆ ಪ್ರತಿ ಗುಂಡಿಯೂ ನೇರ ಬೆನ್ನಿಗೇ ಬಡಿಯುತ್ತದೆ.

ಉಡುಪಿ ಫಿಸಿಯೊ

ಮಂಡಿ ವಿಷಯ ನಾನು ಹೇಳುತ್ತೇನೆ, ಇದು ನನ್ನ ಕೆಲಸ.

ಓಡುವಾಗ, ಮೆಟ್ಟಿಲು ಇಳಿಯುವಾಗ ಮೈಭಾರ ಮಂಡಿಯ ಮೇಲೆ ಬೀಳುತ್ತದೆ. ಸೈಕಲ್‌ನಲ್ಲಿ ಆ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ಹಾಗಾಗಿ ಮಂಡಿ ಸವೆದವರಿಗೂ ನಾವು ಸೈಕಲ್ ತುಳಿಯಿರಿ ಅನ್ನುತ್ತೇವೆ. ಆದರೆ ತುಳಿಯುವ ರೀತಿ ಮುಖ್ಯ. ಭಾರದ ಗೇರ್ ಹಾಕಿ ಒತ್ತಿ ಒತ್ತಿ ತುಳಿದರೆ ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ. ಹಗುರ ಗೇರ್ ಹಾಕಿ, ನಿಮಿಷಕ್ಕೆ 70 ಸುತ್ತಿನ ಆಸುಪಾಸು ಕಾಲು ಸಲೀಸಾಗಿ ತಿರುಗುತ್ತಿರಲಿ. ಮಂಡಿಯ ಮುಂಭಾಗ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಅಂತ ಅರ್ಥ. ಮಂಡಿಯ ಹಿಂದೆ ಎಳೆದಂತಾದರೆ ಸೀಟು ಎತ್ತರವಾಗಿದೆ. ಮೇಲೆ ಜಯನಗರದ ಸರ್ ಹೇಳಿದ ಹಿಮ್ಮಡಿ ಲೆಕ್ಕ ಸರಿಯಾದದ್ದೇ. ಮಂಡಿ ಊದಿಕೊಂಡಿದ್ದರೆ, ಬಿಗಿದು ಹಿಡಿದುಕೊಳ್ಳುತ್ತಿದ್ದರೆ ಮಾತ್ರ ಮೊದಲು ಯಾರಿಗಾದರೂ ತೋರಿಸಿ.

ಇನ್ನು ಬಹಳ ಜನಕ್ಕೆ ಗೊತ್ತಿಲ್ಲದ ಮಾತು. ಮಂಡಿಗೆ ಭಾರ ಬೀಳುವುದಿಲ್ಲ ಅನ್ನುವುದು ಸೈಕಲ್‌ನ ಗುಣವೂ ಹೌದು, ಕೊರತೆಯೂ ಹೌದು. ಮೂಳೆ ಗಟ್ಟಿಯಾಗಲು ಅದರ ಮೇಲೆ ಭಾರ ಬೀಳಲೇಬೇಕು. ಬರೀ ಸೈಕಲ್ ಹೊಡೆಯುವವರ ಹೃದಯ ಚೆನ್ನಾಗಿರುತ್ತದೆ, ತೊಡೆ ಚೆನ್ನಾಗಿರುತ್ತದೆ, ಆದರೆ ಸೊಂಟ ಮತ್ತು ಬೆನ್ನುಮೂಳೆಗೆ ಅದರಿಂದ ಸಿಗುವುದು ಕಡಿಮೆ. ನಿಮ್ಮ ಮನೆಯವರಿಗೆ ಸೊಂಟ ಮುರಿಯುವ ಭಯ ಅಂದಿರಲ್ಲ, ಅದಕ್ಕೆ ಉತ್ತರ ಸೈಕಲ್ ಬಿಡುವುದಲ್ಲ, ಸೈಕಲ್ ಜೊತೆಗೆ ಇನ್ನೊಂದಿಷ್ಟು ಮಾಡುವುದು. ವಾಕಿಂಗ್ ಪೂರ್ತಿ ನಿಲ್ಲಿಸಬೇಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ನೀರಿನ ಕ್ಯಾನ್ ಎತ್ತಿ ಇಳಿಸುವುದು, ಇವು ವಾರಕ್ಕೆ ಎರಡು ದಿನವಾದರೂ ಬೇಕು. ಅಡುಗೆಮನೆಯ ಕಟ್ಟೆ ಪಕ್ಕ ನಿಂತು ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ ಮಾಡಿ. ಹಾಲು ಕಾಯುವಷ್ಟು ಹೊತ್ತು ಸಾಕು.

ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ಹೇಳುವ ಲೆಕ್ಕವೂ ಹೀಗೇ ಇದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ, ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ದಿನವಾದರೂ ಬೀಳದಂತೆ ನಿಲ್ಲುವುದಕ್ಕೆ, ಸಮತೋಲನಕ್ಕೆ. ಮೊದಲನೆಯದನ್ನು ಸೈಕಲ್ ಆರಾಮಾಗಿ ತುಂಬಿಸುತ್ತದೆ. ಉಳಿದ ಎರಡನ್ನು ನೀವೇ ಸೇರಿಸಿಕೊಳ್ಳಬೇಕು.

ಬಿಪಿ ಮಾತ್ರೆ ಯಾವುದು ಅಂತ ನೋಡಿ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ್ದಾದರೆ ನಾಡಿ ಬೇಗ ಏರುವುದಿಲ್ಲ, ಆಗ ಕೈಗಡಿಯಾರದಲ್ಲಿ ಹೃದಯದ ಬಡಿತ ನೋಡಿ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಮಾತಾಡಿಕೊಂಡು ತುಳಿಯಲು ಆಗಬೇಕು, ಹಾಡು ಹೇಳಲು ಆಗಬಾರದು, ಆ ವೇಗ ಸಾಕು. ಸಕ್ಕರೆಗೆ ಮುಂದೆ ಮಾತ್ರೆ ಬಂದರೆ ಅದನ್ನೂ ಕೇಳಿಕೊಳ್ಳಿ, ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ತುಳಿಯುವಾಗ ಸಕ್ಕರೆ ದಿಢೀರ್ ಇಳಿಯಬಹುದು, ಜೇಬಿನಲ್ಲಿ ಗ್ಲುಕೋಸ್ ಇಲ್ಲವೇ ಸಕ್ಕರೆ ಇಟ್ಟುಕೊಂಡೇ ಹೊರಡಬೇಕು. ಶುರು ಮಾಡುವ ಮುಂಚೆ ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬನ್ನಿ. ತುಳಿಯುವಾಗ ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಗ್ಯಾಸ್ ಇರಬೇಕು ಅಂದುಕೊಂಡು ಮುಂದೆ ಹೋಗಬೇಡಿ. ಅಲ್ಲೇ ನಿಲ್ಲಿಸಿ, ಯಾರನ್ನಾದರೂ ಕರೆದು ಆಸ್ಪತ್ರೆಗೆ ಹೋಗಿ.

ಧಾರವಾಡ ಮೇಷ್ಟ್ರು

ಫಿಸಿಯೊ ಅವರು ಬಹಳ ಚಲೋ ಬರೆದಿದ್ದಾರೆ. ನಾನು ಧೈರ್ಯಕ್ಕೆ ಒಬ್ಬರ ಕತೆ ಹೇಳುತ್ತೇನೆ.

ಫ್ರಾನ್ಸ್‌ನಲ್ಲಿ ರಾಬರ್ಟ್ ಮಾರ್ಷಾಂ ಅಂತ ಒಬ್ಬರಿದ್ದರು. 1911ರಲ್ಲಿ ಹುಟ್ಟಿದವರು. ಹುಡುಗರಾಗಿದ್ದಾಗ ಸೈಕಲ್ ಹುಚ್ಚು, ಆಮೇಲೆ ಹೊಟ್ಟೆಪಾಡಿಗೆ ಹಲವು ಕೆಲಸ, ಎಷ್ಟೋ ದಶಕ ಸೈಕಲ್ ಬಿಟ್ಟೇ ಬಿಟ್ಟರು. ಮತ್ತೆ ಗಂಭೀರವಾಗಿ ಶುರು ಮಾಡಿದ್ದು ಅರವತ್ತೈದು ದಾಟಿದ ಮೇಲೆ. ನೂರು ವಯಸ್ಸಿನಲ್ಲಿ, 2012ರಲ್ಲಿ, ಒಳಾಂಗಣ ಟ್ರ್ಯಾಕ್‌ನಲ್ಲಿ ಒಂದು ಗಂಟೆಗೆ 24 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ತುಳಿದು ದಾಖಲೆ ಮಾಡಿದರು. ಎರಡು ವರ್ಷ ಬಿಟ್ಟು, 102ರಲ್ಲಿ, ಅದೇ ಒಂದು ಗಂಟೆಗೆ 26.9 ಕಿ.ಮೀ. ತುಳಿದರು. ವಯಸ್ಸು ಎರಡು ಏರಿತು, ದೂರವೂ ಏರಿತು! ನಡುವೆ ಏನಾಯಿತು ಅಂದರೆ ವೆರೋನಿಕ್ ಬಿಯಾ ಎಂಬ ಶರೀರಶಾಸ್ತ್ರಜ್ಞೆ ಅವರಿಗೆ ತರಬೇತಿ ಹಾಕಿಕೊಟ್ಟರು. ಹೆಚ್ಚಿನ ಪಾಲು ಆರಾಮದ ತುಳಿತ, ಐದರಲ್ಲಿ ಒಂದು ಪಾಲು ಮಾತ್ರ ಕಷ್ಟದ್ದು. ಅವರ ಮೈ ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ನೂರು ದಾಟಿದ ಮೇಲೆ ಶೇ 13ರಷ್ಟು ಹೆಚ್ಚಿತು. 2021ರಲ್ಲಿ, 109ರಲ್ಲಿ ತೀರಿಕೊಂಡರು. ಅವರ ಮೈಕಟ್ಟೇ ವಿಶೇಷದ್ದು, ಎಲ್ಲರಿಗೂ ಹಾಗೆ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ 63 ತಡ ಅನ್ನುವವರ ಎದುರು ಈ ಕತೆ ಇಟ್ಟುಬಿಡಿ.

ಇಂಗ್ಲೆಂಡಿನಲ್ಲೂ ಒಂದು ಅಧ್ಯಯನ ಆಗಿದೆ. 55ರಿಂದ 79 ವಯಸ್ಸಿನ 125 ಹವ್ಯಾಸಿ ಸವಾರರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಗಂಡಸರು ಆರೂವರೆ ಗಂಟೆಯೊಳಗೆ 100 ಕಿ.ಮೀ., ಹೆಂಗಸರು ಐದೂವರೆ ಗಂಟೆಯೊಳಗೆ 60 ಕಿ.ಮೀ. ತುಳಿಯುವವರಾಗಿರಬೇಕಿತ್ತು. ಅವರ ಸ್ನಾಯು ಅಷ್ಟಾಗಿ ಕರಗಿರಲಿಲ್ಲ, ರೋಗ ತಡೆಯುವ ಟಿ ಕಣಗಳನ್ನು ಮಾಡುವ ಥೈಮಸ್ ಗ್ರಂಥಿ ಚಿಕ್ಕವಯಸ್ಸಿನವರಂತೆ ಕೆಲಸ ಮಾಡುತ್ತಿತ್ತು. ಸಿಗರೇಟು ಸೇದುವವರನ್ನು, ಬಿಪಿ ಹೆಚ್ಚಿರುವವರನ್ನು ಮೊದಲೇ ಹೊರಗಿಟ್ಟಿದ್ದರು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಬಹಳ ವರ್ಷ ಬಿಡದೆ ತುಳಿದರೆ ಮೈ ಹೇಗೆ ಉಳಿಯುತ್ತದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಾನು ಓದಿಲ್ಲ.

ಈಗ ನನ್ನ ಮುಖ್ಯ ಮಾತು. ವ್ಯಾಯಾಮಕ್ಕೆ ಅಂತ ಬೇರೆ ಹೊತ್ತು ಇಟ್ಟುಕೊಂಡರೆ ಮಳೆ ಬಂತು, ನೆಂಟರು ಬಂದರು ಅಂತ ತಪ್ಪುತ್ತದೆ. ತರಕಾರಿ, ಹಾಲು, ಗ್ರಂಥಾಲಯ, ಗೆಳೆಯರ ಮನೆ, ಇವಕ್ಕೆಲ್ಲ ಸೈಕಲ್ ತೆಗೆದುಕೊಂಡು ಹೋಗಿ. ಕ್ಯಾರಿಯರ್, ಬುಟ್ಟಿ, ಸ್ಟ್ಯಾಂಡ್, ಮಡ್‌ಗಾರ್ಡ್ ಇರುವ ಸೈಕಲ್ಲೇ ಇರಲಿ. ಇವ್ಯಾವುದೂ ಇಲ್ಲದ ಸೈಕಲ್ ನೋಡಲು ಚಂದ, ಎರಡು ತಿಂಗಳಲ್ಲಿ ಗೋಡೆಗೆ ಒರಗಿಬಿಡುತ್ತದೆ. ನಮ್ಮ ಧಾರವಾಡ ಬರೀ ಏರು ಇಳಿತದ ಊರು, ಸಾಧನಕೇರಿ ಕಡೆಯಿಂದ ಸಂತೆ ಚೀಲ ತುಂಬಿಕೊಂಡು ಏರುವುದೇ ನನ್ನ ಜಿಮ್ಮು. ಆ ಏರಿಗಾಗಿ ಗೇರ್ ಬೇಕೇ ಬೇಕು. ಗೇರಿಲ್ಲದ ಕಪ್ಪು ಸೈಕಲ್ ಮೇಲೆ ನನಗೂ ಪ್ರೀತಿ ಇದೆ, ಆದರೆ ಅದರ ತೂಕವೇ ಇಪ್ಪತ್ತು ಕಿಲೋ ಮುಟ್ಟುತ್ತದೆ. ನೋಯುವ ಮಂಡಿಗೆ ಅದು ಬೇಡ.

ಹಾಸನದ ಅಕ್ಕ

ನನಗೆ 59. ಹೈಸ್ಕೂಲು ಟೀಚರ್. ಇಲ್ಲಿ ಬರೀ ಗಂಡಸರೇ ಬರೆಯುತ್ತಿದ್ದೀರಿ, ನಾನೂ ಸೇರಿಕೊಳ್ಳುತ್ತೇನೆ. ಅಣ್ಣ, ನಿಮ್ಮ ಮನೆಯವರಿಗೂ ಇದನ್ನು ತೋರಿಸಿ.

ನಾನು ಹುಡುಗಿಯಾಗಿದ್ದಾಗ ಅಣ್ಣಂದಿರ ಸೈಕಲ್‌ನಲ್ಲಿ ಕಲಿತೆ. ಮದುವೆಯಾದ ಮೇಲೆ ಅದರ ಮಾತೇ ಬರಲಿಲ್ಲ. ನಮ್ಮ ರಾಜ್ಯದಲ್ಲಿ 2006-07ರಿಂದ ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದರಲ್ಲ, ಆಗ ನಮ್ಮ ಹುಡುಗಿಯರು ಸಾಲಾಗಿ ಹಳ್ಳಿಯಿಂದ ತುಳಿದುಕೊಂಡು ಬರುವುದನ್ನು ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ಎಷ್ಟು ಖುಷಿ ಅವರಿಗೆ. ಮಳೆ ಬಂದರೂ ನಗುತ್ತಲೇ ಬರುತ್ತಿದ್ದರು. ನಾನು ಮತ್ತೆ ಹತ್ತಬೇಕು ಅಂತ ಅನಿಸಿದ್ದು ಅವರನ್ನು ನೋಡಿಯೇ. ಹತ್ತಿದ್ದು ಮಾತ್ರ ಬಹಳ ವರ್ಷ ಬಿಟ್ಟು, ಮುಟ್ಟು ನಿಂತ ಮೇಲೆ ತೂಕ ಏರಿ, ನಿದ್ದೆ ಕೆಟ್ಟು, ಡಾಕ್ಟರು ಏನಾದರೂ ವ್ಯಾಯಾಮ ಮಾಡಮ್ಮ ಅಂದಾಗ.

ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಆದ್ದರಿಂದ ಫಿಸಿಯೊ ಅವರು ಹೇಳಿದ ಭಾರ ಎತ್ತುವ ವ್ಯಾಯಾಮ ನಮಗೆ ಇನ್ನೂ ಮುಖ್ಯ. ಮೂಳೆಯ ಸಾಂದ್ರತೆ ನೋಡುವ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ಸೀಟಿನ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೈಕಲ್ ಜೊತೆ ಬರುವ ಸೀಟು ಬಹಳ ಸಲ ಕಿರಿದಾಗಿರುತ್ತದೆ. ನಾವು ಕೂರುವಾಗ ಊರುವ ಎರಡು ಮೂಳೆಗಳ ನಡುವಿನ ಅಂತರ ಹೆಂಗಸರಿಗೆ ಸಾಮಾನ್ಯವಾಗಿ ಜಾಸ್ತಿ, ಹಿಂಭಾಗ ಅಗಲ ಇರುವ ಸೀಟು ಬೇಕು. ತೀರಾ ಮೆತ್ತಗಿನದೂ ಒಳ್ಳೆಯದಲ್ಲ, ಮೂಳೆ ಒಳಗೆ ಹೂತು ನಡುವಿನ ಮೆದು ಜಾಗಕ್ಕೆ ಒತ್ತಡ ಬೀಳುತ್ತದೆ. ಗಂಡಸರಿಗೂ ಅಲ್ಲಿ ಜೋಮು ಹಿಡಿದರೆ ಅದೇ ಕಾರಣ. ನಾಚಿಕೆ ಬೇಡ. ಸೀಟಿನ ಮೂತಿ ಮೇಲೆ ಎದ್ದಿದೆಯಾ ನೋಡಿ, ಸಮಕ್ಕೆ ತಂದುಕೊಳ್ಳಿ. ಆಗಾಗ ಎದ್ದು ಪೆಡಲ್ ಮೇಲೆ ನಿಂತು ರಕ್ತ ಓಡಾಡಲು ಬಿಡಿ.

ಬಟ್ಟೆ ಬಗ್ಗೆ. ದುಪಟ್ಟಾ ಹಾಕಿಕೊಂಡು ಸೈಕಲ್ ಹತ್ತಲೇಬೇಡಿ, ಹಾಕಿದರೆ ಹಿಂದೆ ಗಂಟು ಬಿಗಿದು ಕಟ್ಟಿ. ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಅಪಾಯ. ಚೈನ್ ಪೂರ್ತಿ ಮುಚ್ಚುವ ಕವರ್ ಇರಲಿ. ನಾನು ಕುರ್ತಾ ಪ್ಯಾಂಟು ಹಾಕಿ, ಬಲಗಾಲಿನ ಅಂಚಿಗೆ ರಬ್ಬರ್ ಬ್ಯಾಂಡ್ ಬಿಗಿಯುತ್ತೇನೆ. ಮೊದಲ ಕೆಲವು ದಿನ ಬೀದಿಯವರು ನೋಡಿದರು. ಈಗ ಅವರಲ್ಲೇ ಇಬ್ಬರು ನನ್ನ ಜೊತೆ ಬರುತ್ತಾರೆ.

ಕುವೆಂಪುನಗರ ನಿವಾಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಕಾಳಜಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಡಾಕ್ಟರ ಹತ್ತಿರ ಹೋಗಿ ಬಂದೆ. ಇಸಿಜಿ ಮಾಡಿಸಿದರು, ತುಳಿಯಿರಿ, ನಿಧಾನಕ್ಕೆ ಏರಿಸಿ ಅಂದರು. ನನ್ನ ಮಾತ್ರೆ ಫಿಸಿಯೊ ಅವರು ಹೇಳಿದ ಗುಂಪಿನದಲ್ಲ, ಟೆಲ್ಮಿಸಾರ್ಟನ್. ಹಾಸನದ ಅಕ್ಕನ ಮಾತನ್ನು ಮನೆಯವಳಿಗೆ ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಆದರೆ ಸಂಜೆ ಅಂಗಡಿಗೆ ತಾನೂ ಬಂದಳು. ಬಾರ್ ಇಳಿಜಾರಾಗಿರುವ, ಗೇರಿರುವ ಒಂದನ್ನು ನೋಡಿಟ್ಟಿದ್ದೇವೆ. ಕ್ಯಾರಿಯರ್ ಹಾಕಿಸಬಹುದಂತೆ.

ಇನ್ನೂ ಎರಡು ಸಂದೇಹ ಉಳಿದಿದೆ. ಅಂಗಡಿಯವರು ಬ್ಯಾಟರಿ ಸೈಕಲ್ ತೆಗೆದುಕೊಳ್ಳಿ ಸರ್, ಈ ವಯಸ್ಸಿಗೆ ಅದೇ ಸರಿ ಅಂದರು. ಹೌದೇ? ಮತ್ತೆ ಮೈಸೂರಿನಲ್ಲಿ ಶುರು ಮಾಡಲು ಯಾವ ರಸ್ತೆ ಒಳ್ಳೆಯದು?

ಐಂಡ್‌ಹೋವನ್ ಕನ್ನಡಿಗ

ಬ್ಯಾಟರಿ ಸೈಕಲ್ ಬಗ್ಗೆ ನಾನು ಹೇಳಬಲ್ಲೆ. ನೆದರ್ಲೆಂಡ್ಸ್‌ನಲ್ಲಿದ್ದೇನೆ. ಇಲ್ಲಿ ಜನ ಮಾಡುವ ಓಡಾಟದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಸೈಕಲ್ ಮೇಲೆಯೇ. ಎಂಬತ್ತರ ಅಜ್ಜಿ ಅಜ್ಜಂದಿರು ಮಾರುಕಟ್ಟೆಗೆ ಹೂವು ತರಲು ಸೈಕಲ್‌ನಲ್ಲಿ ಹೋಗುತ್ತಾರೆ, ಅದು ಇಲ್ಲಿ ಸುದ್ದಿಯೇ ಅಲ್ಲ. ಅವರಲ್ಲಿ ಬಹಳ ಜನ ಈಗ ಬ್ಯಾಟರಿ ಸೈಕಲ್‌ಗೆ ಬದಲಾಗಿದ್ದಾರೆ. ಬ್ಯಾಟರಿ ಇದ್ದರೂ ಪೆಡಲ್ ತುಳಿಯಲೇಬೇಕು, ಎದುರು ಗಾಳಿಯಲ್ಲಿ ಅದು ಸ್ವಲ್ಪ ನೂಕಿಕೊಡುತ್ತದೆ ಅಷ್ಟೇ. ಅದರಿಂದ ಇನ್ನೂ ಹತ್ತು ವರ್ಷ ಸೈಕಲ್ ಬಿಡದೆ ಇರುವವರು ಇದ್ದಾರೆ. ಅಮ್ಮ ಇಲ್ಲಿಗೆ ಬಂದಾಗ ಅವರಿಗೂ ಒಂದನ್ನು ಬಾಡಿಗೆಗೆ ತಂದುಕೊಟ್ಟೆ, ಬೇರೆಯೇ ಸೈಕಲ್ ದಾರಿ ಇರುವುದರಿಂದ ಹೆದರದೆ ಓಡಿಸಿದರು.

ನಮ್ಮ ಭಾರತದಲ್ಲಿ 250 ವ್ಯಾಟ್ ಒಳಗಿನ, ಗಂಟೆಗೆ 25 ಕಿ.ಮೀ. ಮೀರದ ಬ್ಯಾಟರಿ ಸೈಕಲ್‌ಗೆ ಲೈಸೆನ್ಸ್, ನೋಂದಣಿ ಬೇಡ. ಆದರೆ ಕೊಳ್ಳುವಾಗ ನೋಡಿ, ಕೆಲವಕ್ಕೆ ಸ್ಕೂಟರಿನ ಹಾಗೆ ಕೈಯಲ್ಲಿ ತಿರುಗಿಸುವ ಥ್ರಾಟಲ್ ಇರುತ್ತದೆ. ಅದಿದ್ದರೆ ಕಾಲು ಸುಮ್ನೆ ಕೂರುತ್ತದೆ.

ಜಯನಗರ ಸವಾರ

ಐಂಡ್‌ಹೋವನ್ ಅವರ ಮಾತು ಅಲ್ಲಿಗೆ ಸರಿ. ನಮ್ಮ ಸರ್‌ಗೆ ಈಗಲೇ ಬ್ಯಾಟರಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಭಾರ ಜಾಸ್ತಿ, ನಿಲ್ಲಿಸುವಾಗ ವಾಲಿದರೆ ಹಿಡಿಯುವುದು ಕಷ್ಟ, ಪಂಕ್ಚರ್ ಆದರೆ ತಳ್ಳಿಕೊಂಡು ಬರುವುದೂ ಕಷ್ಟ. ವೇಗವೂ ನಮ್ಮ ಅಂದಾಜಿಗೆ ಮೀರಿ ಬರುತ್ತದೆ. ಮೈಯಲ್ಲಿ ಶಕ್ತಿ ಇದೆ, ಡಾಕ್ಟರು ಒಪ್ಪಿದ್ದಾರೆ, ಮೊದಲು ಕಾಲಿನಿಂದಲೇ ತುಳಿಯಿರಿ. ಹೃದಯದ ತೊಂದರೆ ಇರುವವರಿಗೆ, ಮಂಡಿ ಪೂರ್ತಿ ಸವೆದವರಿಗೆ, ದಿನಾ ದೊಡ್ಡ ಏರು ದಾಟಬೇಕಾದವರಿಗೆ ಬ್ಯಾಟರಿ ಬೇಕು, ಅದನ್ನು ನಾನು ಒಪ್ಪುತ್ತೇನೆ.

ಉಡುಪಿ ಫಿಸಿಯೊ

ನಾನು ನಡುವಿನ ದಾರಿ ಹೇಳುತ್ತೇನೆ. ಬ್ಯಾಟರಿ ಇದ್ದರೆ ಮಾತ್ರ ಮನೆಯಿಂದ ಹೊರಡುತ್ತೇನೆ ಅನ್ನುವವರಿಗೆ ಬ್ಯಾಟರಿಯೇ ಒಳ್ಳೆಯದು. ಈ ಸರ್ ಆ ಪೈಕಿ ಅಲ್ಲ ಅನಿಸುತ್ತದೆ.

ಒಂದು ಮಾತು ಬಿಟ್ಟುಹೋಗಿತ್ತು, ಊಟ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಅದನ್ನು ಉಳಿಸಲು ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಗ್ರಾಂ ಆದರೂ ಪ್ರೋಟೀನ್ ಬೇಕು. ಬೆಳಿಗ್ಗೆ ಬರೀ ಕಾಫಿ, ಎರಡು ಇಡ್ಲಿ, ಮಧ್ಯಾಹ್ನ ಅನ್ನದ ಮೇಲೆ ತಿಳಿಸಾರು ಅಂದರೆ ಅಷ್ಟು ಬರುವುದಿಲ್ಲ. ಮೊಳಕೆ ಕಾಳು, ಗಟ್ಟಿ ತೊವ್ವೆ, ಮೊಸರು, ಕಡಲೆಕಾಯಿ, ತಿನ್ನುವವರಾದರೆ ಮೊಟ್ಟೆ ಮೀನು, ಮೂರು ಹೊತ್ತೂ ಒಂದಲ್ಲ ಒಂದು ಇರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಎಷ್ಟು ಹೊತ್ತು ಅಂತ ಕೇಳಿದ್ದಿರಿ. ಮೊದಲ ಎರಡು ವಾರ ದಿನ ಬಿಟ್ಟು ದಿನ, ಹದಿನೈದು ಇಪ್ಪತ್ತು ನಿಮಿಷ. ಮಾರನೆ ದಿನ ಮಂಡಿ ಏನು ಹೇಳುತ್ತದೆ ನೋಡಿ. ಸ್ವಲ್ಪ ಸ್ನಾಯು ಹಿಡಿದುಕೊಂಡಿದ್ದರೆ ಪರವಾಗಿಲ್ಲ, ಮಂಡಿ ಊದಿದ್ದರೆ ಹಿಂದಕ್ಕೆ ಹೋಗಿ. ಆಮೇಲೆ ವಾರಕ್ಕೆ ಐದು ನಿಮಿಷದಂತೆ ಏರಿಸಿದರೂ ಎರಡು ಮೂರು ತಿಂಗಳಿಗೆ ಒಂದು ಗಂಟೆ ಸಲೀಸು.

ಯಾದವಗಿರಿ ಬ್ರೆವೆ

ಮೈಸೂರಿನವನೇ ನಾನೂ, 66. ಬ್ರೆವೆ ಅನ್ನುವ ದೂರದ ಸವಾರಿಗಳಲ್ಲಿ ಭಾಗವಹಿಸುತ್ತೇನೆ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಸ್ಪರ್ಧೆ ಅಲ್ಲ, ಕೊನೆಯವರಾಗಿ ಬಂದರೂ ಹೊತ್ತಿನೊಳಗೆ ಬಂದರೆ ಆಯಿತು. ಇದಕ್ಕೆ ಗರಿಷ್ಠ ವಯಸ್ಸು ಅಂತ ಇಲ್ಲ. ಅದನ್ನೆಲ್ಲ ಈಗ ಯೋಚಿಸಬೇಡಿ, ಮುಂದೊಂದು ದಿನ ಆಸೆ ಹುಟ್ಟಿದರೆ ಹೇಳಿ.

ರಸ್ತೆ ಕೇಳಿದಿರಿ. ಶುರುವಿಗೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನ ಒಳರಸ್ತೆಗಳು ಬಹಳ ಒಳ್ಳೆಯವು, ಮರದ ನೆರಳು, ಗಾಡಿ ಕಡಿಮೆ, ಸಣ್ಣ ಸಣ್ಣ ಏರುಗಳೂ ಇವೆ. ನಿಮ್ಮ ಮನೆಯಿಂದ ಹತ್ತಿರವೂ ಹೌದು. ಧೈರ್ಯ ಬಂದ ಮೇಲೆ ಬೆಳಗಿನ ಹೊತ್ತು ಲಲಿತಮಹಲ್ ರಸ್ತೆ ಕಡೆ ಹೋಗಿ. ರಿಂಗ್ ರೋಡು ಅಗಲವಾಗಿದೆ ಅಂತ ಅಲ್ಲಿಗೆ ಹೋಗಬೇಡಿ, ಲಾರಿಗಳ ವೇಗ ಜಾಸ್ತಿ. ಶ್ರೀರಂಗಪಟ್ಟಣಕ್ಕೆ ಹೋಗುವ ಆಸೆ ಬಂದರೆ ಹಳೆಯ ಊರುಗಳ ನಡುವಿನ ರಸ್ತೆ ಹಿಡಿಯಿರಿ. ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ, ಸೈಕಲ್ ಬಿಡುವುದಿಲ್ಲ.

ನಮ್ಮ ಊರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅನ್ನುವ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ಶುರುವಾದಾಗ 450 ಸೈಕಲ್, 48 ನಿಲ್ದಾಣ ಇದ್ದವು. ಆಗ ನನ್ನ ವಯಸ್ಸಿನ ಎಷ್ಟೋ ಜನ ಅದರಲ್ಲೇ ಮತ್ತೆ ರೂಢಿ ಮಾಡಿಕೊಂಡರು. ಊರು ಬಹುಪಾಲು ಸಮತಟ್ಟು, ದೂರಗಳು ಕಡಿಮೆ. ಸೈಕಲ್‌ಗೆ ಹೇಳಿ ಮಾಡಿಸಿದ ಊರು ಇದು. ಇದಕ್ಕೆ ಸರಿಯಾದ ಸೈಕಲ್ ದಾರಿ ಬೇಕು ಅಂತ ನಾವು ವಯಸ್ಸಾದವರೇ ಪಾಲಿಕೆಯನ್ನು ಕೇಳಬೇಕು. ರಸ್ತೆಯಲ್ಲಿ ನಾವು ಕಾಣಿಸಿಕೊಂಡಷ್ಟೂ ಅದಕ್ಕೆ ಬಲ ಬರುತ್ತದೆ.

ಈಗ ಬೆಟ್ಟ. ಆಗುತ್ತದೆ, ಖಂಡಿತ ಆಗುತ್ತದೆ. ಆದರೆ ಮೊದಲು ಸಮತಟ್ಟಿನಲ್ಲಿ ಒಂದು ಗಂಟೆ ನಿಲ್ಲಿಸದೆ ತುಳಿಯಲು ಬರಬೇಕು. ಊರಿಂದ ಸುಮಾರು 300 ಮೀಟರ್ ಎತ್ತರ ಏರಬೇಕು, ರಸ್ತೆ ಸುತ್ತಿಕೊಂಡು ಹೋಗುವುದರಿಂದ ಏರು ಒಂದೇ ಸಮ ಕಡಿದಾಗಿಲ್ಲ. ಮುಂದಿನ ಚಿಕ್ಕ ಹಲ್ಲಿನ ಚಕ್ರಕ್ಕೆ, ಹಿಂದಿನ ದೊಡ್ಡದಕ್ಕೆ ಚೈನ್ ಹಾಕಿಕೊಳ್ಳಿ, ಏರು ಶುರುವಾಗುವ ಮುಂಚೆಯೇ ಹಾಕಿಕೊಳ್ಳಿ, ಒತ್ತಿ ತುಳಿಯುತ್ತಾ ಬದಲಿಸಿದರೆ ಚೈನ್ ಕಳಚುತ್ತದೆ. ಎದ್ದು ನಿಂತು ತುಳಿಯಬೇಡಿ, ಕೂತೇ ಹೋಗಿ. ಮಾತಾಡಲು ಆಗದಷ್ಟು ಏದುಸಿರು ಬಂದರೆ ಇಳಿದು ನಡೆಯಿರಿ, ಉಸಿರು ಕೂಡಿದ ಮೇಲೆ ಮತ್ತೆ ಹತ್ತಿ. ಮೊದಲ ಸಲ ಅರ್ಧಕ್ಕೆ ಹೋಗಿ ವಾಪಸ್ ಬಂದರೂ ಸರಿ.

ನಿಜ ಹೇಳಬೇಕೆಂದರೆ ನನಗೆ ಚಿಂತೆ ಇರುವುದು ಇಳಿಯುವುದರ ಬಗ್ಗೆ. ಹೊರಡುವ ಮುಂಚೆ ಬ್ರೇಕ್ ಶೂ ಸವೆದಿದೆಯಾ, ವೈರ್ ಸಡಿಲ ಇದೆಯಾ ನೋಡಿಸಿ. ಒಂದೇ ಬ್ರೇಕನ್ನು ಹಿಡಿದುಕೊಂಡೇ ಇಳಿಯಬೇಡಿ, ರಿಮ್ ಕಾಯುತ್ತದೆ. ಹಿಡಿಯುವುದು, ಬಿಡುವುದು, ಎರಡೂ ಬ್ರೇಕ್ ಬಳಸುವುದು, ತಿರುವಿಗೆ ಬರುವ ಮುಂಚೆಯೇ ವೇಗ ಇಳಿಸುವುದು. ಬೆವರಿದ ಮೈಗೆ ಗಾಳಿ ಬಡಿಯುತ್ತದೆ, ತೆಳ್ಳಗಿನ ಜಾಕೆಟ್ ಒಂದು ಬ್ಯಾಗಿನಲ್ಲಿರಲಿ. ಕೋತಿಗಳು ಬ್ಯಾಗಿಗೆ ಕೈ ಹಾಕುತ್ತವೆ, ತಿಂಡಿ ಕಾಣುವಂತೆ ಇಡಬೇಡಿ.

ನಿಮಗೆ ಸಿದ್ಧ ಅನಿಸಿದಾಗ ಇಲ್ಲೇ ಬರೆಯಿರಿ, ನಾನೂ ಬರುತ್ತೇನೆ. ಮಂಗಳವಾರವೋ ಬುಧವಾರವೋ ಆರು ಗಂಟೆಗೆ ಬುಡದಲ್ಲಿರೋಣ. ಭಾನುವಾರ ಬೇಡ, ಕಾರು ಜಾಸ್ತಿ. ಆಷಾಢದ ಶುಕ್ರವಾರವಂತೂ ಬೇಡವೇ ಬೇಡ.